ಕಾಂಚನಬುರಿಯಲ್ಲಿ ಕಂಡ ಗುಳೆ

ಥಾಯ್ಲೆಂಡ್‌ಗೆ ಹೋಗಿಬಂದೆ ಅಂದ ಕೂಡಲೇ ಎಲ್ಲರೂ ಪಟ್ಟಾಯ ಹೇಗಿತ್ತು ಅಂತ ಕೇಳುತ್ತಾರೆ. ನಾನು ಪಟ್ಟಾಯ ನೋಡಲಿಲ್ಲ. ಕೊಪ್ಪಳ, ಬಳ್ಳಾರಿ ಕಡೆಯ ಐದು ಜನ ಗೆಳೆಯರು ಹೋಗಿದ್ದೆವು. ಮೂವರು ಸಮುದ್ರದ ಕಡೆ ಹೋದರು, ನಾನೂ ಬಳ್ಳಾರಿಯ ಗೆಳೆಯನೂ ಬ್ಯಾಂಕಾಕ್‌ನ ಥೊನ್‌ಬುರಿ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿ ಕಾಂಚನಬುರಿಗೆ ಹೋದೆವು. ಅವನಿಗೆ ರೈಲು ಅಂದ್ರೆ ಪ್ರಾಣ. ‘ಸಾವಿನ ರೈಲು’ ಅಂತ ಹೆಸರಾದ ಆ ಲೈನಿನ ಮೇಲೆ ಒಮ್ಮೆ ಹೋಗಬೇಕು ಅನ್ನೋದು ಅವನ ಬಹಳ ವರ್ಷದ ಆಸೆ. ನಾನು ಅವನ ಜೊತೆಗೆ ಅಂತ ಹೊರಟವನು. ಬಂದು ತಿಂಗಳಾಯ್ತು, ಆ ಊರು ಇನ್ನೂ ತಲೆಯಿಂದ ಹೋಗಿಲ್ಲ.

ರೈಲು ನಿಧಾನ. ಕಿಟಕಿಗಳೆಲ್ಲ ತೆರೆದಿದ್ದವು, ಮೇಲೆ ಫ್ಯಾನು, ಹಳಿ ಮೀಟರ್ ಗೇಜ್. “ನಾವು ಸಣ್ಣೋರಿದ್ದಾಗ ನಮ್ಮ ಗುಂತಕಲ್–ಹುಬ್ಬಳ್ಳಿ ಲೈನು ಹಿಂಗೇ ಇತ್ತಲ್ಲೋ” ಅಂತ ಗೆಳೆಯ ದಾರಿಯುದ್ದಕ್ಕೂ ಖುಷಿಯಲ್ಲಿದ್ದ. ಹೊರಗೆ ಭತ್ತದ ಗದ್ದೆ, ಕಬ್ಬು. ಗಂಗಾವತಿ ದಾಟಿ ಕಾರಟಗಿ ಕಡೆ ಹೋದ ಹಾಗೇ ಅನ್ನಿಸುತ್ತಿತ್ತು.

ಗೊತ್ತಿಲ್ಲದವರಿಗೆ ಆ ಲೈನಿನ ಕಥೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಆಮೇಲೆ ಬರ್ಮಾ ಕೂಡ. ಬರ್ಮಾದಲ್ಲಿದ್ದ ತಮ್ಮ ಸೈನ್ಯಕ್ಕೆ ಸಾಮಾನು ಕಳಿಸಲು ಜಪಾನಿನವರಿಗೆ ಸಮುದ್ರದ ದಾರಿ ನಂಬಿಕೆಗೆ ಉಳಿಯಲಿಲ್ಲ, ಹಡಗುಗಳನ್ನು ಮಿತ್ರರಾಷ್ಟ್ರಗಳ ಸಬ್‌ಮರೀನ್‌ಗಳು ಮುಳುಗಿಸುತ್ತಿದ್ದವು. ಹಾಗಾಗಿ ಥಾಯ್ಲೆಂಡಿನಿಂದ ಬರ್ಮಾಕ್ಕೆ ಕಾಡು ಬೆಟ್ಟ ಸೀಳಿಕೊಂಡು 415 ಕಿಲೋಮೀಟರ್ ರೈಲುಮಾರ್ಗ ಹಾಕಿಸಿದರು. 1942ರಲ್ಲಿ ಶುರುವಾದ ಕೆಲಸ 1943ರ ಅಕ್ಟೋಬರ್‌ಗೆ ಮುಗಿಯಿತು. ಸೆರೆಸಿಕ್ಕ ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಸೈನಿಕರು 60,000ಕ್ಕೂ ಜಾಸ್ತಿ ಜನ ಇದರಲ್ಲಿ ದುಡಿದರು. ಅವರಲ್ಲಿ 12,000ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಕಾಂಚನಬುರಿಯಲ್ಲಿ ಕ್ವಾಯ್ ನದಿ ಮೇಲಿರುವ ಈ ಲೈನಿನ ಸೇತುವೆಯ ಬಗ್ಗೆ ಹಾಲಿವುಡ್ ಸಿನಿಮಾ ಬಂದ ಮೇಲೆ ಊರು ಜಗತ್ತಿಗೆಲ್ಲ ಗೊತ್ತಾಯಿತು. ಸೇತುವೆ ಮೇಲೆ ಈಗ ಸೆಲ್ಫಿ ತೆಗೆಯುವವರೇ ಜಾಸ್ತಿ. ನಾವೂ ನಡೆದು ದಾಟಿದೆವು. ಬಾಗಿದ ಕಮಾನುಗಳು ಹಳೆಯವು, ಜಾವಾದಿಂದ ತಂದವು. ನಡುವೆ ಇರುವ ಚಪ್ಪಟೆ ಮೂಲೆಯ ಎರಡು, ಬಾಂಬು ಬಿದ್ದು ಹಾಳಾದ ಮೇಲೆ ಕೂರಿಸಿದವು. ನಾನು ಬರೆಯಬೇಕು ಅಂದುಕೊಂಡಿದ್ದು ಸೇತುವೆ ಬಗ್ಗೆ ಅಲ್ಲ.

ಕಾಂಚನಬುರಿಯ ಯುದ್ಧ ಸ್ಮಶಾನ ಊರ ನಡುವೆ, ದೊಡ್ಡ ರಸ್ತೆ ಪಕ್ಕದಲ್ಲೇ ಇದೆ. ಹೊರಗೆ ಗಾಡಿಗಳ ಸದ್ದು, ಒಳಗೆ ಕಾಲಿಟ್ಟರೆ ಹಸಿರು ಹುಲ್ಲು, ಸಾಲು ಸಾಲು ಗೋರಿ. 5,084 ಕಾಮನ್‌ವೆಲ್ತ್ ಸೈನಿಕರು, 1,896 ಡಚ್ ಸೈನಿಕರು ಇಲ್ಲಿದ್ದಾರೆ. ಅಮೆರಿಕದವರನ್ನು ಯುದ್ಧ ಮುಗಿದ ಮೇಲೆ ಅವರ ದೇಶಕ್ಕೇ ತೆಗೆದುಕೊಂಡು ಹೋದರು. ಗೋರಿ ಅಂದ್ರೆ ಎತ್ತರದ ಕಲ್ಲಲ್ಲ, ಮೊಣಕಾಲಿಗಿಂತ ಕೆಳಗೆ ಇಳಿಜಾರಾದ ಸಣ್ಣ ಪೀಠ, ಅದರ ಮೇಲೆ ಒಂದು ಕಂಚಿನ ತಗಡು. ಅಧಿಕಾರಿಗೂ ಅಷ್ಟೇ ಅಳತೆ, ಸಾದಾ ಸಿಪಾಯಿಗೂ ಅಷ್ಟೇ. ತಗಡಿನ ಮೇಲೆ ರೆಜಿಮೆಂಟಿನ ಗುರುತು, ನಂಬರು, ಹೆಸರು, ಸತ್ತ ದಿನ, ವಯಸ್ಸು. ಕೆಳಗೆ ಮನೆಯವರು ಆರಿಸಿ ಬರೆಸಿದ ಒಂದೆರಡು ಸಾಲು. ಒಂದೊಂದಕ್ಕೂ ಬಗ್ಗಿ ಓದಬೇಕು. ಬಗ್ಗಿ ಬಗ್ಗಿ ಓದುತ್ತಾ ಹೋದರೆ 22, 24, 31, 23 ಅಂತ ವಯಸ್ಸುಗಳು ಬರುತ್ತವೆ. ಸತ್ತ ದಿನಗಳಲ್ಲಿ 1943 ಬಹಳ. ಆ ವರ್ಷ ಮಳೆಗಾಲದಲ್ಲಿ ಕಾಲರಾ ಬಂದಿತ್ತು.

ಒಬ್ಬ ಮಾಲಿ ಕುಕ್ಕರಗಾಲಲ್ಲಿ ಕೂತು ಸಣ್ಣ ಕತ್ತರಿಯಿಂದ ಪೀಠದ ಅಂಚಿನ ಹುಲ್ಲು ಕತ್ತರಿಸುತ್ತಿದ್ದ. ಒಂದು ಮುಗಿಸಿ ಪಕ್ಕದ್ದಕ್ಕೆ ಸರಿಯುತ್ತಿದ್ದ, ಅದಾದ ಮೇಲೆ ಮುಂದಿನದಕ್ಕೆ. ಏಳು ಸಾವಿರದ ಹತ್ತಿರ ಗೋರಿ, ಮುಗಿಸಿ ಮೊದಲಿನದಕ್ಕೆ ಬರುವ ಹೊತ್ತಿಗೆ ಅಲ್ಲಿ ಹುಲ್ಲು ಮತ್ತೆ ಬೆಳೆದಿರುತ್ತೆ. ಅವನ ಆಚೆ ವಯಸ್ಸಾದ ಬಿಳಿ ಗಂಡ ಹೆಂಡತಿ ಒಂದು ಚೀಟಿ ಹಿಡಿದುಕೊಂಡು ಸಾಲಿನ ನಂಬರು ಹುಡುಕುತ್ತಿದ್ದರು. ಸಿಕ್ಕಿತು. ಆ ತಾಯಿ ಚೀಲದಿಂದ ಒಂದು ಹಳೆಯ ಫೋಟೊ ತೆಗೆದು ತಗಡಿಗೆ ಆನಿಸಿ ಇಟ್ಟರು. ಇಬ್ಬರೂ ಏನೂ ಮಾತಾಡಲಿಲ್ಲ, ಬಹಳ ಹೊತ್ತು ಹಾಗೇ ನಿಂತರು. ನಾವು ದೂರ ಸರಿದು ನಿಂತೆವು. ಹೆಸರು ಅನ್ನೋದು ಎಷ್ಟು ದೊಡ್ಡದು ಅಂತ ನನಗೆ ಆಗ ಅನ್ನಿಸಿತು. ಎಂಬತ್ತು ವರ್ಷ ಆದ ಮೇಲೂ ಒಬ್ಬರು ಇಂಗ್ಲೆಂಡಿನಿಂದಲೋ ಆಸ್ಟ್ರೇಲಿಯಾದಿಂದಲೋ ವಿಮಾನ ಹತ್ತಿ ಬಂದು, ನೇರ ಆ ನೆಲದ ಮುಂದೆ ನಿಲ್ಲಬಹುದು.

ಇಷ್ಟು ಹೆಸರು ಹೇಗೆ ಉಳಿದವು ಅಂತ ಆಮೇಲೆ ತಿಳಿಯಿತು. ಕೈದಿಗಳು ಯಾರು ಯಾವತ್ತು ಸತ್ತರು, ಎಲ್ಲಿ ಮಣ್ಣು ಮಾಡಿದ್ದು ಅನ್ನೋದನ್ನು ಕದ್ದು ಬರೆದಿಟ್ಟಿದ್ದರು. ಕೆಲವು ಪಟ್ಟಿಗಳನ್ನು ಗೋರಿಗಳಲ್ಲೇ ಬಚ್ಚಿಟ್ಟಿದ್ದರು. ಜಪಾನ್ ಸೋತ ಮೇಲೆ, 1945ರ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಒಂದು ಸಣ್ಣ ತಂಡ ಅದೇ ಲೈನಿನ ಉದ್ದಕ್ಕೂ ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಗೋರಿಗಳನ್ನು ಹುಡುಕಿತು. ಅವರ ಎಲುಬುಗಳನ್ನೆಲ್ಲ ತಂದು ಮೂರು ಸ್ಮಶಾನಗಳಲ್ಲಿ ಹೂತರು. ಇಲ್ಲೊಂದು, ನದಿಯ ಆಚೆ ಚುಂಗ್‌ಕೈನಲ್ಲಿ ಒಂದು, ಬರ್ಮಾದ ಥಾನ್‌ಬ್ಯುಜಯತ್‌ನಲ್ಲಿ ಒಂದು. ಕಾಲರಾದಲ್ಲಿ ಸತ್ತು ಸುಟ್ಟವರು 300 ಜನ, ಅವರ ಬೂದಿ ಇಲ್ಲಿ ಎರಡು ಗೋರಿಗಳಲ್ಲಿದೆ. ಅವರ ಹೆಸರುಗಳೂ ಮಂಟಪದ ಗೋಡೆ ಮೇಲೆ ಇವೆ. ಬೂದಿಯಾದವರನ್ನೂ ಬಿಟ್ಟಿಲ್ಲ. ಥಾಯ್ಲೆಂಡಿನ ಬೇರೆ ಮುಸ್ಲಿಂ ಖಬರಸ್ತಾನಗಳಲ್ಲಿ ಹೂತಿದ್ದ, ಆಗಿನ ಅವಿಭಜಿತ ಭಾರತದ ಸೇನೆಯ 11 ಜನರ ಹೆಸರು ಕೂಡ ಇಲ್ಲಿ ಕೆತ್ತಿದ್ದಾರೆ. ನಮ್ಮ ಕಡೆಯ ಹೆಸರು ಅಂತ ಆ ಸ್ಮಶಾನದಲ್ಲಿ ನಾವು ನಿಂತು ಓದಿದ್ದು ಅವನ್ನೇ. ಆ ಕೆಲಸ ಮಾಡಿದವರ ಬಗ್ಗೆ ನನಗೆ ನಿಜವಾಗಿ ಗೌರವ ಇದೆ.

ಸ್ಮಶಾನದ ಪಕ್ಕದಲ್ಲೇ ಒಂದು ಮ್ಯೂಸಿಯಂ ಇದೆ, ಥಾಯ್ಲೆಂಡ್–ಬರ್ಮಾ ರೈಲ್ವೆ ಸೆಂಟರ್ ಅಂತ. ರಾಡ್ ಬೀಟಿ ಎಂಬ ಆಸ್ಟ್ರೇಲಿಯಾದವರು 2003ರಲ್ಲಿ ತೆರೆದದ್ದು. ಅಲ್ಲಿ ಗೆಳೆಯ ಒಂದು ಬೋರ್ಡಿನ ಮುಂದೆ ನಿಂತುಬಿಟ್ಟ. “ಲೇ, ಇಲ್ಲಿ ಬಾ. ತಮಿಳ್ರು, ತೆಲುಗ್ರು ಇದ್ರಂತೆ ನೋಡು.” ಅವನ ಮನೆಮಾತು ತೆಲುಗು.

ರೈಲು ಕಟ್ಟಿದವರಲ್ಲಿ ಸೈನಿಕರಿಗಿಂತ ಕೂಲಿಗಳೇ ಜಾಸ್ತಿ. ಸುಮಾರು ಎರಡು ಲಕ್ಷ ಜನ. ಬರ್ಮಾದವರು, ಜಾವಾದವರು, ಮಲಯ ದೇಶದ, ಅಂದ್ರೆ ಈಗಿನ ಮಲೇಶಿಯಾದ, ಮಲಯರು, ಚೀನೀಯರು, ಮತ್ತೆ ಅಲ್ಲಿನ ರಬ್ಬರ್ ತೋಟಗಳಲ್ಲಿ ದುಡಿಯುತ್ತಿದ್ದ ನಮ್ಮ ತಮಿಳರು, ತೆಲುಗರು, ಮಲಯಾಳಿಗಳು. ಯುದ್ಧ ಬಂದು ರಬ್ಬರ್ ವ್ಯಾಪಾರ ನಿಂತಿತ್ತು, ತೋಟಗಳಲ್ಲಿ ಕೆಲಸ ಇರಲಿಲ್ಲ. ಜಪಾನಿನವರು ಒಳ್ಳೆ ಕೂಲಿ, ಊಟ, ಮೂರು ತಿಂಗಳ ಕೆಲಸ ಅಂತ ಹೇಳಿ ಕರೆದರು. ಮೊದಲು ನಂಬಿ ಹೋದರು. ಹೋದವರು ವಾಪಸ್ ಬರದೆ ಇದ್ದಾಗ ಯಾರೂ ಹೋಗಲು ಒಪ್ಪಲಿಲ್ಲ. ಆಗ ಹಿಡಿದು ಒಯ್ದರು. ಪುಕ್ಕಟೆ ಸಿನಿಮಾ ಅಂತ ಜನರನ್ನು ಸೇರಿಸಿ, ಬಾಗಿಲು ಹಾಕಿ, ಅಲ್ಲಿಂದಲೇ ರೈಲಿಗೆ ತುಂಬಿದ್ದೂ ಉಂಟು. ಕೆಲವರು ಹೆಂಡತಿ ಮಕ್ಕಳನ್ನೂ ಕರೆದುಕೊಂಡೇ ಹೋಗಿದ್ದರು.

ಸೈನಿಕರಿಗೆ ತಮ್ಮದೇ ಡಾಕ್ಟರು ಇದ್ದರು, ಅಧಿಕಾರಿಗಳಿದ್ದರು, ನೀರು ಕುದಿಸಿ ಕುಡಿಯಿರಿ ಅಂತ ಗದರಿಸಿ ಹೇಳುವವರಿದ್ದರು. ಔಷಧಿ ಇಲ್ಲದಿದ್ದರೂ ಒಂದು ಶಿಸ್ತು ಇತ್ತು. ಕೂಲಿಗಳಿಗೆ ಯಾರಿದ್ದರು? ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಊರು ಗೊತ್ತಿಲ್ಲ, ಕಾಡು ಗೊತ್ತಿಲ್ಲ. ಕಾಲರಾ ಬಂದಾಗ ಇಡೀ ಇಡೀ ಶೆಡ್ಡುಗಳು ಖಾಲಿಯಾದವು. ಸತ್ತವರು 80,000 ಅಂತ ಕೆಲವರು ಬರೆದಿದ್ದಾರೆ, ಒಂದು ಲಕ್ಷ ಅಂತ ಕೆಲವರು. ಸೈನಿಕರ ಲೆಕ್ಕ ಒಂದೊಂದು ಹೆಸರಿನ ತನಕ ಇದೆ. ಇವರ ಲೆಕ್ಕದಲ್ಲಿ ಇಪ್ಪತ್ತು ಸಾವಿರ ಜನ ಆಚೆ ಈಚೆ. ಇಪ್ಪತ್ತು ಸಾವಿರ ಅಂದ್ರೆ ನಮ್ಮ ಕಡೆ ಒಂದು ದೊಡ್ಡ ಊರು. ಅಷ್ಟು ಜನ ಇದ್ದರೋ ಇಲ್ಲವೋ ಅನ್ನೋದೇ ಯಾರಿಗೂ ಗೊತ್ತಿಲ್ಲ.

ಆ ಬೋರ್ಡಿನ ಮುಂದೆ ನನಗೆ ಬಂದ ಮಾತು ಒಂದೇ. ಗುಳೆ. ಇವರು ಗುಳೆ ಹೋದವರು.

ಕೊಪ್ಪಳ, ರಾಯಚೂರು ಕಡೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ, ಇಲ್ಲಾ ಸುಗ್ಗಿ ಮುಗಿದ ಮೇಲೆ, ಕುಷ್ಟಗಿ, ಲಿಂಗಸುಗೂರು, ಮಸ್ಕಿ, ದೇವದುರ್ಗ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹೊತ್ತು ನೋಡಿ. ಜೋಳದ ಹಿಟ್ಟಿನ ಚೀಲ, ಪಾತ್ರೆ ಗಂಟು, ಹೊದಿಕೆ, ಕಂಕುಳಲ್ಲಿ ಕೂಸು. ಬೆಂಗಳೂರು ಬಸ್ಸು, ಗೋವಾ ಬಸ್ಸು. ಊರಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ, ಅರ್ಧ ಮನೆಗಳಿಗೆ ಬೀಗ. ನಾನೂ ಮೂರನೇ ಇಯತ್ತೆಯಲ್ಲಿ ಅರ್ಧ ವರ್ಷ ಸಾಲಿ ಬಿಟ್ಟು ಅಪ್ಪ ಅವ್ವನ ಜೊತೆ ಗುಳೆ ಹೋದವನು. ನಮ್ಮಪ್ಪ ಕಲ್ಲು ಒಡೆಯುವ ಕೆಲಸದವನು. ಅವನ ಅಪ್ಪ ತುಂಗಭದ್ರಾ ಡ್ಯಾಮಿಗೆ ಕಲ್ಲು ಹೊತ್ತವನು. 1945ರಲ್ಲಿ ಅಡಿಗಲ್ಲು ಹಾಕಿ 1953ಕ್ಕೆ ಮುಗಿದ ಆ ಡ್ಯಾಮು ಕಲ್ಲಿನದು, ಎಲ್ಲೆಲ್ಲಿಂದಲೋ ಬಂದ ಜನ ಹೊತ್ತು ಕಟ್ಟಿದ್ದು. ಮುನಿರಾಬಾದಿಗೆ ಹೋದಾಗಲೆಲ್ಲ ಅಪ್ಪ ಅದರ ಗೋಡೆ ತೋರಿಸಿ “ನಿಮ್ಮಜ್ಜನ ಕಲ್ಲು ಅದರಾಗ ಎಲ್ಲೋ ಅದಾವ” ಅನ್ನುತ್ತಾನೆ.

ಕಾಂಚನಬುರಿಯಲ್ಲಿ ಇನ್ನೊಂದು ಹಳೆಯ ಮ್ಯೂಸಿಯಂ ಇದೆ, ಒಂದು ಬೌದ್ಧ ದೇವಸ್ಥಾನದ ಆವರಣದಲ್ಲಿ, 1977ರದ್ದು. ಕೈದಿಗಳ ಶೆಡ್ಡಿನ ಹಾಗೆ ಬಿದಿರಿನಲ್ಲಿ ಕಟ್ಟಿದ್ದಾರೆ. ಅದರ ಹೆಸರು ಜೀತ್. ಜಪಾನ್, ಇಂಗ್ಲೆಂಡ್, ಆಸ್ಟ್ರೇಲಿಯಾ ಮತ್ತು ಅಮೆರಿಕ, ಥಾಯ್ಲೆಂಡ್, ಹಾಲೆಂಡ್, ಈ ದೇಶಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಮಾಡಿದ ಹೆಸರು. ಬೋರ್ಡು ಓದಿದ ಕೂಡಲೇ ನಮ್ಮಿಬ್ಬರಿಗೂ ಕೇಳಿಸಿದ್ದು ನಮ್ಮ ಜೀತ. ಆ ಹೆಸರಿನಲ್ಲಿ ಬರ್ಮಾ ಇಲ್ಲ, ಜಾವಾ ಇಲ್ಲ, ಮಲಯಾ ಇಲ್ಲ, ಇಂಡಿಯಾ ಇಲ್ಲ. ಕೂಲಿಗಳ ಒಂದು ಅಕ್ಷರವೂ ಅದರಲ್ಲಿ ಇಲ್ಲ. ಆದರೆ ಅವರು ಮಾಡಿದ್ದಕ್ಕೆ ನಮ್ಮ ಭಾಷೆಯಲ್ಲಿ ಇರುವ ಮಾತು ಅದೇ. ಗೆಳೆಯ ನನ್ನ ಮುಖ ನೋಡಿದ, ಇಬ್ಬರೂ ಸುಮ್ಮನೆ ಒಳಗೆ ಹೋದೆವು.

ಮರುದಿನ ಹೆಲ್‌ಫೈರ್ ಪಾಸ್‌ಗೆ ಹೋದೆವು. ಕಾಂಚನಬುರಿಯಿಂದ ಸುಮಾರು 80 ಕಿಲೋಮೀಟರ್. ಅಲ್ಲಿ ಬೆಟ್ಟವನ್ನು ಸೀಳಿ ರೈಲಿಗೆ ದಾರಿ ಮಾಡಿದ್ದಾರೆ. 1943ರ ಏಪ್ರಿಲ್‌ನಲ್ಲಿ ಶುರು ಮಾಡಿ ಆಗಸ್ಟ್ ಹೊತ್ತಿಗೆ ಮುಗಿಸಿದರು. ಹಗಲು ರಾತ್ರಿ ಕೆಲಸ. ರಾತ್ರಿ ಬೆಂಕಿ, ದೀಪದ ಬೆಳಕಲ್ಲಿ ಎಲುಬಿನ ಗೂಡಿನಂಥ ಜನ ಕಲ್ಲು ಒಡೆಯೋದು ಮೇಲಿನಿಂದ ನೋಡಿದರೆ ನರಕದ ಹಾಗೆ ಕಾಣುತ್ತಿತ್ತಂತೆ, ಅದಕ್ಕೇ ಆ ಹೆಸರು. ಆಸ್ಟ್ರೇಲಿಯಾ ಸರ್ಕಾರ 1998ರಲ್ಲಿ ಅಲ್ಲೊಂದು ಮ್ಯೂಸಿಯಂ ಮಾಡಿದೆ, ಬಹಳ ಚೆನ್ನಾಗಿದೆ. ಕೈದಿಗಳನ್ನು ಕಾಪಾಡಿದ ಡಾಕ್ಟರ್ ಎಡ್ವರ್ಡ್ ಡನ್‌ಲಪ್ ಅವರ ಚಿತಾಭಸ್ಮ ಕೂಡ ಅಲ್ಲಿಗೆ ತಂದಿದ್ದಾರೆ. ಪ್ರತಿ ವರ್ಷ ಏಪ್ರಿಲ್ 25ರಂದು, ಆಸ್ಟ್ರೇಲಿಯಾದವರು ಸತ್ತ ಸೈನಿಕರನ್ನು ನೆನೆಯುವ ದಿನ, ಬೆಳಗಿನ ಜಾವ ಅಲ್ಲಿ ದೀಪ ಹಿಡಿದು ಜನ ಸೇರುತ್ತಾರೆ.

ಬಿದಿರಿನ ಕಾಡಿನ ನಡುವೆ ಮೆಟ್ಟಿಲು ಇಳಿದು ಹೋಗಬೇಕು. ಇಳಿದರೆ ಎರಡೂ ಕಡೆ ಕಲ್ಲಿನ ಗೋಡೆ ತಲೆ ಮೇಲೆ ಎಷ್ಟೋ ಎತ್ತರಕ್ಕೆ ನಿಂತಿದೆ, ಕೆಳಗೆ ಜಲ್ಲಿ, ಸ್ವಲ್ಪ ದೂರ ಹಳಿ. ಕಲ್ಲಿನ ಸಂದಿಗಳಲ್ಲಿ ಬಂದವರು ಸಣ್ಣ ಸಣ್ಣ ಬಾವುಟ, ಕೆಂಪು ಕಾಗದದ ಹೂ ಸಿಕ್ಕಿಸಿದ್ದಾರೆ. ಗೋಡೆ ಮೇಲೆ ಉದ್ದಕ್ಕೆ ಅರ್ಧ ಕೊಳವೆಯಂಥ ಗೆರೆಗಳು. ಆ ಗೆರೆ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಕಲ್ಲಿಗೆ ತೂತು ಕೊರೆದು ಮದ್ದು ತುಂಬಿ ಸಿಡಿಸಿದರೆ ತೂತಿನ ಅರ್ಧ ಭಾಗ ಹಾಗೇ ಗೋಡೆಗೆ ಉಳಿಯುತ್ತದೆ. ನಮ್ಮ ಕುಷ್ಟಗಿ ಕಡೆಯ ಕ್ವಾರಿಗಳಲ್ಲಿ ಆಡಿ ಬೆಳೆದವನು ನಾನು. ಬೆರಳು ಇಟ್ಟು ಮೇಲಿಂದ ಕೆಳಗೆ ಸವರಿದೆ. ಅದು ನುಣುಪಾಗಿರಲಿಲ್ಲ. ಒಳಗೆ ಸಣ್ಣ ಸಣ್ಣ ಉಬ್ಬು ತಗ್ಗು, ಒಂದು ಕಡೆ ಸ್ವಲ್ಪ ವಾರೆ. ಒಂದು ತೂತಿನಲ್ಲಿ ಮುರಿದ ಉಳಿಯ ತುಂಡು ಕೂಡ ಹಾಗೇ ಸಿಕ್ಕಿಕೊಂಡಿದೆ, ತುಕ್ಕು ಹಿಡಿದು ಕಲ್ಲಿನ ಬಣ್ಣಕ್ಕೆ ಬಂದಿದೆ.

ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಮೇಲೆ ಬಂದು ಸಿಗ್ನಲ್ ಸಿಕ್ಕ ಮೇಲೆ ಅವನೇ ವಿಡಿಯೊ ಕಾಲ್ ಮಾಡಿದ.

“ತಮ್ಮಾ, ಇದು ಮಿಷನ್ನಿಂದ ಹೊಡದದ್ದಲ್ಲ. ಕೈಲೆ ಹೊಡದದ್ದು.”

“ಹೆಂಗ ಗೊತ್ತಾತಪ್ಪ?”

“ತೂತು ನೆಟ್ಟಗಿಲ್ಲ ನೋಡು. ಒಬ್ಬಾಂವ ಉಳಿ ಹಿಡೀತಾನ, ಒಬ್ಬಾಂವ ಸುತ್ತಗಿ ಹೊಡೀತಾನ. ಒಂದೊಂದ ಏಟಿಗೂ ಹಿಡದಾಂವ ಉಳಿ ತಿರುವಬೇಕು. ದಣದಾಂವಗ ತಿರುವಾಕ ಆಗೂದಿಲ್ಲ, ಆಗ ಉಳಿ ವಾರಿ ಹೊಕ್ಕೇತಿ. ಉಂಡಿಲ್ಲ ಅವರು.”

ಮ್ಯೂಸಿಯಂನಲ್ಲಿ ಅದನ್ನೇ ಬರೆದಿದ್ದರು. ಒಬ್ಬ ಹಿಡಿಯುವವನು, ಒಬ್ಬ ಹೊಡೆಯುವವನು, ದಿನಕ್ಕೆ ಇಷ್ಟು ಆಳ ಅಂತ ಕಟ್ಟಳೆ, ಊಟಕ್ಕೆ ಹಿಡಿ ಅನ್ನ. ಅಪ್ಪ ಓದದೆ ಕಲ್ಲು ನೋಡಿ ಹೇಳಿದ. ಆ ತೂತು ಕೊರೆದವರಲ್ಲಿ ಆಸ್ಟ್ರೇಲಿಯಾದವರು, ಬ್ರಿಟಿಷರು ಇದ್ದರು, ಆಮೇಲೆ ತಮಿಳು ಮತ್ತು ಮಲಯ ಕೂಲಿಗಳನ್ನೂ ಅಲ್ಲಿಗೆ ತಂದರು. ಯಾವ ತೂತು ಯಾರದು ಅಂತ ಕಲ್ಲಿಗೆ ಗೊತ್ತಿಲ್ಲ. ಒಂದೇ ಉಳಿ, ಒಂದೇ ಸುತ್ತಿಗೆ, ಒಂದೇ ಹಸಿವು.

ಕೂಲಿಗಳಿಗೆ ಎಲ್ಲೂ ಗುರುತೇ ಇಲ್ಲ ಅಂತ ಬರೆದರೆ ತಪ್ಪಾಗುತ್ತದೆ. ಸೇತುವೆ ಹತ್ತಿರ 1944ರಲ್ಲಿ ಜಪಾನ್ ಸೇನೆಯೇ ಸತ್ತವರಿಗಾಗಿ ಕಟ್ಟಿದ ಒಂದು ಕಂಬ ಇದೆ. 1990ರಲ್ಲಿ ಕಾಂಚನಬುರಿಯ ಒಂದು ಕಬ್ಬಿನ ಹೊಲದಲ್ಲಿ ಅಗೆದಾಗ ನೂರಾರು ಜನರ ಎಲುಬು ಒಟ್ಟಿಗೆ ಸಿಕ್ಕವು. ಒಂದೇ ಗುಂಡಿಯಲ್ಲಿ ಹಾಕಿ ಮುಚ್ಚಿದ್ದರು. ನಲವತ್ತೇಳು ವರ್ಷ ಅದರ ಮೇಲೆ ಬೆಳೆ ಬೆಳೆಯುತ್ತಿತ್ತು. ಇನ್ನು ವಾಟ್ ಥಾವೋರ್ನ್ ಅನ್ನೋ ದೇವಸ್ಥಾನದಲ್ಲಿ ಒಂದು ಪಗೋಡ ಇದೆ, ಅದರ ಅಡಿಯಲ್ಲಿ ಕೂಲಿಗಳ ಎಲುಬುಗಳನ್ನು ಹೂತಿದ್ದಾರೆ. ಸೈನಿಕರ ಸ್ಮಶಾನದಿಂದ ನಡೆದೇ ಹೋಗಬಹುದು. ನಾವು ಹೋದಾಗ ನಾವಿಬ್ಬರೇ. ಒಂದು ನಾಯಿ ನೆರಳಲ್ಲಿ ಮಲಗಿತ್ತು.

ಅಲ್ಲಿ 2023ರಲ್ಲಿ ತಮಿಳರು ಸೇರಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಅದಕ್ಕೆ ನಡುಕಲ್ ಅಂತ ಹೆಸರು. ತಮಿಳಿನಲ್ಲಿ ನಡುಕಲ್ ಅಂದ್ರೆ ನೆಟ್ಟ ಕಲ್ಲು, ನಮ್ಮ ವೀರಗಲ್ಲು. ಅದರ ಮುಂದೆ ನಿಂತಾಗ ನಮ್ಮೂರ ಹನುಮಪ್ಪನ ಗುಡಿ ಬದಿಯ ವೀರಗಲ್ಲು ಕಣ್ಣಿಗೆ ಬಂತು. ಕೆಳಗೆ ಜಗಳ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತ ವೀರ. ಆ ಕಲ್ಲಿನವನ ಹೆಸರೂ ನಮಗೆ ಯಾರಿಗೂ ಗೊತ್ತಿಲ್ಲ, ಆದರೂ ಅಮಾವಾಸ್ಯೆಗೆ ಅವ್ವ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾಳೆ. ದನ ಕಾಯಲು ಹೋಗಿ ಸತ್ತವನಿಗೂ, ಊರು ಕಾಯಲು ಹೋಗಿ ಸತ್ತವನಿಗೂ ನಮ್ಮ ಹಿರಿಯರು ಕಲ್ಲು ನೆಟ್ಟಿದ್ದಾರೆ. ಕೂಲಿಗೆ ಹೋಗಿ ಸತ್ತವನಿಗೆ ನೆಟ್ಟ ಕಲ್ಲನ್ನು ನಾನು ಮೊದಲ ಸಲ ನೋಡಿದ್ದು ಥಾಯ್ಲೆಂಡಿನಲ್ಲಿ. ಗೆಳೆಯ ದೇವಸ್ಥಾನದಲ್ಲಿ ಊದಿನಕಡ್ಡಿ ತಂದ. ಹಚ್ಚಿ, ಕಲ್ಲಿನ ಬುಡದಲ್ಲಿ ಮಣ್ಣಿಗೆ ಚುಚ್ಚಿದೆವು. ಅವನು ತೆಲುಗಿನಲ್ಲಿ ಏನೋ ಮೆಲ್ಲಗೆ ಅಂದ, ನಾನು ಕೇಳಲಿಲ್ಲ.

ಕೊಪ್ಪಳಕ್ಕೆ ಬಂದ ಮೇಲೆ ಊರಿಗೆ ಹೋದೆ. ಅಪ್ಪ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿದ. ಸೈನಿಕರ ಗೋರಿಗಳ ಮುಂದೆ ಬಹಳ ಹೊತ್ತು ನಿಂತ. ವಯಸ್ಸು ಎಷ್ಟು ಓದು, ಎಷ್ಟು ಓದು ಅಂತ ಕೇಳುತ್ತಾ ಹೋದ. ಇಪ್ಪತ್ತಮೂರು ಅಂದಾಗ “ಕೂಸು” ಅಂದ. ಪಗೋಡದ ಫೋಟೊ ಬಂತು. ಎರಡು ಬೆರಳಿಂದ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದ.

“ಇದರಾಗ ಹೆಸರು ಎಲ್ಲಿ ಅದಾವ?”

“ಇಲ್ಲಪ್ಪ.”

“ಊರ ಹೆಸರಾದ್ರೂ?”

“ಅದೂ ಇಲ್ಲ.”

ಫೋನು ನನ್ನ ಕೈಗೆ ಕೊಟ್ಟು ಸುಮ್ಮನೆ ಕೂತ. ಆಮೇಲೆ ತಾನೇ ಹೇಳಲು ಶುರು ಮಾಡಿದ. ನಾನು ಹುಟ್ಟುವ ಮೊದಲು, ಅವನು ಬೇರೆ ಜಿಲ್ಲೆಯ ಒಂದು ಕ್ವಾರಿಯಲ್ಲಿ ಗುಳೆ ಇದ್ದಾಗ, ಅವನ ಜೋಡಿ ಉಳಿ ಹಿಡಿಯುತ್ತಿದ್ದ ಒಬ್ಬ ಇದ್ದನಂತೆ. ಸಿಡಿಯದೆ ಉಳಿದ ಮದ್ದು ಮರುದಿನ ಸಿಡಿಯಿತು. ಗುತ್ತೇದಾರ ಸಂಜೆಯೊಳಗೆ ಮಣ್ಣು ಮಾಡಿಸಿ, ಬೆಳಗಾದರೆ ಎಲ್ಲರೂ ಕೆಲಸಕ್ಕೆ ಬನ್ನಿ ಅಂದ. ಮನೆಯವರಿಗೆ ಸುದ್ದಿ ಮುಟ್ಟಿಸಲು ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಇಷ್ಟು ವರ್ಷ ಅಪ್ಪ ಇದನ್ನು ನಮಗೆ ಯಾವತ್ತೂ ಹೇಳಿರಲಿಲ್ಲ.

“ಹೆಸರೇನಿತ್ತಪ್ಪ ಅವಂದು?”

ಅಪ್ಪ ಬಹಳ ಯೋಚನೆ ಮಾಡಿದ. ಹೆಸರು ನೆನಪಾಗಲಿಲ್ಲ. ಕ್ವಾರಿಯಲ್ಲಿ ಎಲ್ಲರೂ ಅವನನ್ನು ಅವನ ಊರಿನ ಹೆಸರಿಂದಲೇ ಕರೆಯುತ್ತಿದ್ದರಂತೆ. ಆ ಊರು ಸಿಂಧನೂರು ತಾಲೂಕಿನಲ್ಲಿ ಬರುತ್ತದೆ. ನಮ್ಮೂರಿಂದ ಬಸ್ಸಿಗೆ ಹೋದರೆ ಅರ್ಧ ದಿನದ ದಾರಿ. ಯುಗಾದಿ ಮುಗಿದ ಮೇಲೆ ಹೋಗಿ ಕೇಳೋಣ ಅಂದಿದ್ದೇನೆ. ಅಪ್ಪನೂ ಬರುತ್ತೇನೆ ಅಂದಿದ್ದಾನೆ.